ಐದು ನಗೆಗೆ ಒಂದು ಸುಳಿವು: ಕಂಟ್ರಿ ಹೌಸ್ ಕೊಲೆಯ ಹಾಸ್ಯ ಕಾದಂಬರಿ ಬರೆದ ನನ್ನ ಅನುಭವ

ಇಂಗ್ಲೆಂಡಿನ ಕಂಟ್ರಿ ಹೌಸ್ (ಹಳ್ಳಿಗಾಡಿನ ಸಿರಿವಂತರ ದೊಡ್ಡ ಮನೆ) ಕೊಲೆಯ ಕಥೆಯನ್ನು ಕನ್ನಡದಲ್ಲಿ, ಅದೂ ಹಾಸ್ಯವಾಗಿ ಬರೆಯುತ್ತೇನೆ ಅಂದಾಗ ಎದುರಾದ ಆಕ್ಷೇಪಣೆ ಎರಡು. ನಗಿಸಿದರೆ ಕುತೂಹಲ ಸಾಯುತ್ತದೆ ಅನ್ನುವುದು ಒಂದು. ಮನೆಯನ್ನು ಚಿಕ್ಕಮಗಳೂರಿನ ಕಾಫಿ ಎಸ್ಟೇಟಿಗೆ ತರದಿದ್ದರೆ ಯಾರೂ ಓದುವುದಿಲ್ಲ ಅನ್ನುವುದು ಇನ್ನೊಂದು. ಒಬ್ಬ ಪ್ರಕಾಶಕರು ಹಸ್ತಪ್ರತಿ ತೆರೆಯದೆಯೇ ಇವೆರಡನ್ನೂ ಹೇಳಿ ವಾಪಸ್ ಕೊಟ್ಟರು. ಪುಸ್ತಕ ಈಗ ಎರಡನೇ ಮುದ್ರಣದಲ್ಲಿದೆ. ಮನೆ ಸಫೊಕ್ ಜಿಲ್ಲೆಯಲ್ಲೇ ಇದೆ, ಇಸವಿ 1931. ನಗು ಕುತೂಹಲವನ್ನು ಕೊಲ್ಲುವುದಿಲ್ಲ, ಸುಳಿವನ್ನು ಬಚ್ಚಿಡಲು ಅದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಪತ್ತೇದಾರಿ ಬರೆಯುವವರಿಗೆ ಪ್ಲಾಟು, ಅನುಮಾನಿತರು, ದಾರಿ ತಪ್ಪಿಸುವ ಸುಳಿವು ಎಲ್ಲ ಗೊತ್ತೇ ಇರುತ್ತದೆ. ಹಾಗಾಗಿ ನೇರ ಕೆಲಸಕ್ಕೆ ಬರುತ್ತೇನೆ.

ಮನೆಯನ್ನು ಯಾಕೆ ಸ್ಥಳಾಂತರ ಮಾಡಲಿಲ್ಲ ಅನ್ನುವುದನ್ನು ಮೊದಲು ಹೇಳಬೇಕು. ಈ ಬಗೆಯ ಕಥೆ ನಡೆಯುವುದೇ ಆ ಮನೆಯ ಕಟ್ಟುಪಾಡಿನ ಮೇಲೆ. ರಾತ್ರಿ 8ಕ್ಕೆ ಊಟ, ಬಟ್ಟೆ ಬದಲಿಸಲು 7.30ಕ್ಕೆ ಒಂದು ಜಾಗಟೆ, ಊಟಕ್ಕೆ ಇನ್ನೊಂದು. ಆ ಅರ್ಧ ಗಂಟೆ ಅತಿಥಿಗಳೆಲ್ಲ ಒಬ್ಬೊಬ್ಬರೇ ತಮ್ಮ ಕೋಣೆಯಲ್ಲಿ, ಯಾರಿಗೂ ಸಾಕ್ಷಿಯಿಲ್ಲ. ಆಳುಗಳಿಗೆ ಬೇರೆ ಮೆಟ್ಟಿಲು, ನಡುವೆ ಹಸಿರು ಉಣ್ಣೆಬಟ್ಟೆ ಹೊದಿಸಿದ ಬಾಗಿಲು. ಆ ಬಾಗಿಲು ಸದ್ದು ತಡೆಯುತ್ತದೆ. ಕಿರುಚಿದ್ದು ಅಡುಗೆಮನೆಗೆ ಕೇಳಿಸಲಿಲ್ಲ ಎಂದು ಬರೆಯಲು ಬೇರೆ ನೆಪ ಹುಡುಕಬೇಕಿಲ್ಲ. ಎಸ್ಟೇಟ್ ಬಂಗಲೆಯಲ್ಲಿ ಇಷ್ಟೂ ಒಟ್ಟಿಗೆ ಸಿಗುವುದಿಲ್ಲ. ಒಂದನ್ನು ಬಿಟ್ಟರೂ ಉಳಿದವು ಸಡಿಲವಾಗುತ್ತವೆ.

ಮೊದಲ ಕರಡಿನಲ್ಲಿ ಒಂದೂ ನಗೆಯ ಸಾಲು ಹಾಕಬಾರದು. ಕೊಲೆಯನ್ನು ಒಣಗಿದ ಪೊಲೀಸ್ ವರದಿಯ ಹಾಗೆ 40 ಪುಟದಲ್ಲಿ ಬರೆದು ಮುಗಿಸಿದೆ. ಆಮೇಲೆ ಎಕ್ಸೆಲ್‌ನಲ್ಲಿ ವೇಳಾಪಟ್ಟಿ: ಅಡ್ಡಕ್ಕೆ ಐದೈದು ನಿಮಿಷದ ಚೌಕ, ಉದ್ದಕ್ಕೆ 13 ಜನ, ಸಂಜೆ 6ರಿಂದ ಮಧ್ಯರಾತ್ರಿವರೆಗೆ. ಹತ್ತು ನಿಮಿಷದ ಚೌಕ ಹಾಕಿದರೆ ಸಾಲದು. ಮೆಟ್ಟಿಲು ಹತ್ತಿ ಇಳಿಯುವುದಕ್ಕೆ ಎರಡು ಮೂರು ನಿಮಿಷ ಸಾಕು, ಇಬ್ಬರು ಎದುರುಬದುರಾಗಬೇಕಿದ್ದದ್ದು ಗೊತ್ತೇ ಆಗುವುದಿಲ್ಲ. ಅನುಮಾನಿತರ ಓಡಾಟ ಕೆಂಪು, ನಿಜವಾದ ಓಡಾಟ ಹಸಿರು, ಸುಳ್ಳು ಹೇಳಿದ ಓಡಾಟ ಹಳದಿ. ಕೊಲೆಗಾರನ ಸಾಲಿನಲ್ಲಿ ಮಾತ್ರ ನಾನು ಬಳಸುವ ಇನ್ನೊಂದು ಬಣ್ಣವಿದೆ, ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಆಳುಗಳ ಸಂಖ್ಯೆ ತೊಂದರೆ ಕೊಡುತ್ತದೆ. ಆ ಗಾತ್ರದ ಮನೆಯಲ್ಲಿ ಹನ್ನೆರಡು ಹದಿನೈದು ಜನ ಇರಬೇಕು. ಅಷ್ಟು ಇಂಗ್ಲಿಷ್ ಹೆಸರು ಕನ್ನಡ ಓದುಗರ ನೆನಪಿನಲ್ಲಿ ನಿಲ್ಲುವುದಿಲ್ಲ. ಮಾತಾಡುವ ಆಳು ಐದೇ: ಆಳುಗಳ ಮುಖ್ಯಸ್ಥನಾದ ಬಟ್ಲರ್, ಅಡುಗೆಯಾಕೆ, ಹೌಸ್‌ಕೀಪರ್, ಊಟ ಬಡಿಸುವ ಫುಟ್‌ಮನ್ ವಾಲ್ಟರ್, ಕೆಲಸದ ಹುಡುಗಿ ಡೇಜಿ. ಉಳಿದವರು ಬೆನ್ನು ತೋರಿಸಿಕೊಂಡು ಹೋಗುವವರು, ಹೆಸರಿಲ್ಲ. ಹೆಸರಿರುವ 13 ಜನರಿಗೂ ಮೊದಲ ಅಕ್ಷರ ಬೇರೆ ಬೇರೆ ಇರಬೇಕು. ಹೆನ್ರಿ, ಹೆರಾಲ್ಡ್, ಹಗ್ ಮೂವರೂ ಒಂದೇ ಮನೆಯಲ್ಲಿದ್ದರೆ ಓದುಗರು ನಾಲ್ಕನೇ ಅಧ್ಯಾಯಕ್ಕೆ ಪುಸ್ತಕ ಮಡಚುತ್ತಾರೆ. ಸರ್ ಪದವಿ ಇದ್ದವನನ್ನು ಮೊದಲ ಹೆಸರಿನಿಂದಲೇ ಕರೆಯಬೇಕು: ಸರ್ ರೆಜಿನಾಲ್ಡ್. ಸರ್ ಜೊತೆಗೆ ಬರೀ ಮನೆತನದ ಹೆಸರು ಹಾಕಿದರೆ ವಿಷಯ ಬಲ್ಲವರು ಅಲ್ಲೇ ನಂಬಿಕೆ ಕಳೆದುಕೊಳ್ಳುತ್ತಾರೆ.

ವಿಷದ ಲೆಕ್ಕ ನನ್ನ ಮೊದಲ ಪ್ಲಾಟನ್ನೇ ಉರುಳಿಸಿತು. ಯೋಜನೆ ಇದ್ದದ್ದು ಬ್ಲಮಾಂಜ್ ಎಂಬ ಬಿಳಿ ಹಾಲಿನ ಪುಡ್ಡಿಂಗಿನಲ್ಲಿ ಆರ್ಸೆನಿಕ್. ಆದರೆ ಬ್ರಿಟನ್ನಿನ 1851ರ ಆರ್ಸೆನಿಕ್ ಕಾಯ್ದೆಯ ಪ್ರಕಾರ ಅಂಗಡಿಯವನು ಚಿಲ್ಲರೆಯಾಗಿ ಮಾರುವ ಆರ್ಸೆನಿಕ್‌ಗೆ ಒಂದು ಪೌಂಡಿಗೆ ಕನಿಷ್ಠ ಒಂದು ಔನ್ಸ್ ಹೊಗೆಮಸಿ ಅಥವಾ ಅರ್ಧ ಔನ್ಸ್ ನೀಲಿ ಬೆರೆಸಬೇಕು. ಕೊಂಡವರ ವಿವರ, ಸಹಿ ಪುಸ್ತಕದಲ್ಲಿ ಇರಬೇಕು. ಬಣ್ಣವಿಲ್ಲದ್ದು ಬೇಕಾದರೆ ಅದಕ್ಕೆ ತಕ್ಕ ಕಾರಣ ಇರಬೇಕು, ಕನಿಷ್ಠ ಹತ್ತು ಪೌಂಡ್ ಕೊಳ್ಳಬೇಕು. ಹಳ್ಳಿಯ ಅಂಗಡಿಯಿಂದ ತಂದದ್ದನ್ನು ಬಿಳಿ ಪುಡ್ಡಿಂಗಿಗೆ ಹಾಕಿದರೆ ಅದು ಬೂದು ಬಣ್ಣಕ್ಕೋ ನೀಲಿಗೋ ತಿರುಗುತ್ತದೆ. ಕೊಲೆಯನ್ನು ಹಿತ್ತಾಳೆಯ ಮೇಣದಬತ್ತಿ ಕಂಬಕ್ಕೆ ಬದಲಾಯಿಸಿದೆ. ಪುಡ್ಡಿಂಗನ್ನು ಮಾತ್ರ ಬಿಡಲಿಲ್ಲ: ಅದು ನೀಲಿಯಾಗಿಯೇ ಮೇಜಿಗೆ ಬರುತ್ತದೆ, ಮನೆಯೊಡತಿ ಏನೂ ಆಗದವಳಂತೆ ಬಡಿಸುತ್ತಾಳೆ, ಮರ್ಯಾದೆಗೆ ಎಲ್ಲರೂ ತಿನ್ನುತ್ತಾರೆ, ಯಾರೂ ಸಾಯುವುದಿಲ್ಲ. ಬಟ್ಟೆಗೆ ಹಾಕುವ ನೀಲಿಯ ಡಬ್ಬ ಅಡುಗೆಮನೆಗೆ ಹೇಗೆ ಬಂತು ಅನ್ನುವುದರಲ್ಲಿ ಕೊಲೆಗಾರನ ದಾರಿ ಇದೆ. ಓದುಗರು ಆರು ಪುಟ ನಕ್ಕು ಮುಂದೆ ಹೋಗುತ್ತಾರೆ, ಡಬ್ಬದ ಜಾಗ ಯಾರೂ ಕೇಳುವುದಿಲ್ಲ.

ಇಡೀ ವಿಧಾನದ ಹಿಡಿತ ಇಲ್ಲೇ ಇದೆ. ಇನ್ನೊಂದು ಉದಾಹರಣೆ ಹತ್ತಿರದಿಂದ ತೋರಿಸುತ್ತೇನೆ. ಆ ಕಾಲದ ಹಳೆಯ ಮನೆಗಳಲ್ಲಿ ಕೋಣೆಯ ಹಿಡಿಯನ್ನು ಎಳೆದರೆ ಗೋಡೆಯೊಳಗಿನ ತಂತಿ ಕೆಳಗಿನ ಆಳುಗಳ ಓಣಿಯ ಗಂಟೆಯನ್ನು ಬಾರಿಸುತ್ತದೆ. ಸುರುಳಿ ಸ್ಪ್ರಿಂಗಿನ ಮೇಲೆ ಗಂಟೆ, ಅದರ ಕೆಳಗೆ ಪುಟ್ಟ ಲೋಲಕ. ಸದ್ದು ನಿಂತ ಮೇಲೂ ಲೋಲಕ ಸ್ವಲ್ಪ ಹೊತ್ತು ತೂಗುತ್ತಿರುತ್ತದೆ, ತಡವಾಗಿ ಬಂದವರಿಗೂ ಯಾವ ಕೋಣೆ ಕರೆಯಿತು ಅಂತ ತಿಳಿಯಲಿ ಅಂತ. ಓಕ್ ಕೋಣೆಯಲ್ಲಿ ಸರ್ ರೆಜಿನಾಲ್ಡ್ ಸತ್ತ ಮೇಲೆ ಆ ಗಂಟೆ ಬಾರಿಸಿದೆ. ಅಂದರೆ ಒಳಗೆ ಇನ್ನೊಬ್ಬರಿದ್ದಾರೆ. ಮೊದಲು ಬರೆದ ಸಾಲು: “ಓಕ್ ಕೋಣೆಯ ಗಂಟೆಯ ಲೋಲಕ ಇನ್ನೂ ತೂಗುತ್ತಿತ್ತು.” ಕಣ್ಣಿಗೆ ಕುಕ್ಕುತ್ತದೆ. ತಿದ್ದಿದ ಮೇಲೆ ಹೀಗಾಯಿತು:

“ನಿನ್ನೆ ಓಕ್ ಕೋಣೆಗೆ ಹತ್ತಿಳಿದವಳು ನಾನು, ಇವತ್ತು ನೀನು ಹೋಗು” ಅಂದಳು ಡೇಜಿ.

“ನಿನ್ನೆ ಕರೆದದ್ದು ಬಿಸಿನೀರಿಗೆ. ಬಿಸಿನೀರು ನಿನ್ನ ಕೆಲಸ. ಇವತ್ತು ಯಾಕೆ ಕರೆದರೋ ಗೊತ್ತಿಲ್ಲ. ಗೊತ್ತಿಲ್ಲದ ಕೆಲಸ ಯಾರದ್ದು ಅಂತ ಬಟ್ಲರ್ ಸಾಹೇಬರೇ ಹೇಳಬೇಕು” ಅಂದ ವಾಲ್ಟರ್.

ಬಟ್ಲರ್ ಬಂದು, ಇಬ್ಬರ ವಾದವನ್ನೂ ಕೇಳಿ, ಕನ್ನಡಕ ಒರೆಸಿಕೊಂಡು ನೋಡುವ ಹೊತ್ತಿಗೆ ಲೋಲಕ ನಿಂತಿತ್ತು. ಹಾಗಾಗಿ ಯಾರೂ ಹೋಗಬೇಕಾಗಿಲ್ಲ ಎಂದು ತೀರ್ಪಾಯಿತು.

ಸುಳಿವು ಮೊದಲಿಗಿಂತ ಮೂರು ಪಟ್ಟು ದೊಡ್ಡದಾಗಿದೆ, ಆದರೂ ಕಾಣಿಸುವುದಿಲ್ಲ. ನಕ್ಕ ಓದುಗರು ಆ ಪ್ರಸಂಗದ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ.

ಅಳತೆ ಇಷ್ಟು: ಐದು ನಗೆಗೆ ಒಂದರಲ್ಲಿ ಮಾತ್ರ ಸುಳಿವು. ಮೂರಕ್ಕೆ ಒಂದು ಇಟ್ಟರೆ ಜಾಣ ಓದುಗರಿಗೆ ತಾಳ ಸಿಕ್ಕಿಬಿಡುತ್ತದೆ, ನಗು ಬಂದ ಕಡೆಯೆಲ್ಲ ಗೀಟು ಹಾಕಲು ಶುರು ಮಾಡುತ್ತಾರೆ. ಹತ್ತಕ್ಕೆ ಒಂದಾದರೆ ಕೊನೆಯಲ್ಲಿ ಮೋಸ ಅನಿಸುತ್ತದೆ. ಸುಳಿವಿಗೂ ಅದರ ಬಿಡುಗಡೆಗೂ ಕನಿಷ್ಠ 60 ಪುಟದ ಅಂತರ. 150 ಪುಟ ದಾಟಿದರೆ ನಡುವೆ ಒಮ್ಮೆ ಬೇರೆಯವರ ಬಾಯಲ್ಲಿ ನೆನಪಿಸಬೇಕು. ಇಂಗ್ಲಿಷ್ ಪತ್ತೇದಾರಿ ಲೇಖಕ ರೊನಾಲ್ಡ್ ನಾಕ್ಸ್ 1929ರಲ್ಲಿ ಹಾಕಿಕೊಟ್ಟ ಹತ್ತು ಸೂತ್ರಗಳಲ್ಲಿ ಪತ್ತೇದಾರನಿಗೆ ಸಿಕ್ಕ ಸುಳಿವು ಕೂಡಲೇ ಓದುಗರಿಗೂ ಸಿಗಬೇಕು ಅನ್ನುವುದೊಂದಿದೆ. ಅದನ್ನು ಕಟ್ಟುನಿಟ್ಟಾಗಿ ಪಾಲಿಸಿದ್ದೇನೆ. ಒಂದಕ್ಕಿಂತ ಹೆಚ್ಚು ಗುಪ್ತದಾರಿ ಕೂಡದು ಅನ್ನುವುದನ್ನು ಪಾತ್ರಗಳ ಬಾಯಲ್ಲೇ ಹಾಕಿ, ಎರಡನೆಯದನ್ನು ಹುಡುಕುವ ಕರ್ನಲ್‌ನನ್ನು ಗೋಡೆ ತಟ್ಟಲು ಬಿಟ್ಟಿದ್ದೇನೆ.

ಮೊದಲ ಓದುಗರ ಪರೀಕ್ಷೆಯಿಂದ ಕಲಿತದ್ದು ಹೆಚ್ಚು. ಒಟ್ಟು 24 ಅಧ್ಯಾಯ. 20ರವರೆಗೆ ಕೊಟ್ಟು, ಚೀಟಿಯಲ್ಲಿ ಕೊಲೆಗಾರನ ಹೆಸರು, ಕಾರಣ ಬರೆದುಕೊಡಿ ಅನ್ನುವುದು. ಹತ್ತು ಜನರಲ್ಲಿ ಇಬ್ಬರು ಮೂವರು ಸರಿ ಹೇಳಬೇಕು, ನಾಲ್ಕೈದು ಜನ ನಾವು ಒಡ್ಡಿದ ಬಲೆಗೆ ಬೀಳಬೇಕು, ಉಳಿದವರು ಚದುರಬೇಕು. ಮೊದಲ ಗುಂಪಿನಲ್ಲಿ ಹೆಚ್ಚುಕಡಿಮೆ ಎಲ್ಲರೂ ಸರಿ ಹೇಳಿದರು, ಆದರೆ ಸುಳಿವು ಯಾರಿಗೂ ಸಿಕ್ಕಿರಲಿಲ್ಲ! ಚೀಟಿಗಳಲ್ಲಿ ಬರೆದ ಕಾರಣ ಒಂದೇ: ಆ ಪಾತ್ರ ಒಂದೇ ಒಂದು ಸಲವೂ ನಗಿಸಿಲ್ಲ. ಹಾಸ್ಯ ಕಾದಂಬರಿಯಲ್ಲಿ ಗಂಭೀರವಾಗಿ ಉಳಿದವನೇ ಕೊಲೆಗಾರ ಅಂತ ಓದುಗರ ಮೂಗಿಗೆ ವಾಸನೆ ಬಡಿಯುತ್ತದೆ. ತಿದ್ದುಪಡಿ ಎಂದರೆ ಪುಸ್ತಕದ ಅತಿ ಒಳ್ಳೆಯ ಎರಡು ನಗೆಯನ್ನು ಕೊಲೆಗಾರನಿಗೇ ಕೊಟ್ಟದ್ದು. ಮುಂದಿನ ಗುಂಪಿನಲ್ಲಿ ಸರಿ ಉತ್ತರ ಹತ್ತರಲ್ಲಿ ಮೂರಕ್ಕೆ ಇಳಿಯಿತು.

ಎರಡನೇ ಗುಂಪು ಎತ್ತಿದ ದೂರು ಬೇರೆ. ರಾತ್ರಿ ಮುಕ್ಕಾಲು ಒಂಬತ್ತಕ್ಕೆ, ದೀಪವಿಲ್ಲದ ತೋಟದಲ್ಲಿ ಸಾಕ್ಷಿಗೆ ಮುಖ ಹೇಗೆ ಕಂಡಿತು? ಬೆಂಗಳೂರಲ್ಲಿ ಜೂನ್ ಕೊನೆಗೂ ಏಳಕ್ಕೆ ಮುಂಚೆ ಸೂರ್ಯ ಮುಳುಗುತ್ತಾನೆ. ಇಂಗ್ಲೆಂಡಿನಲ್ಲಿ 1916ರಿಂದ ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ, ಜೂನ್ 21ಕ್ಕೆ ಆ ಭಾಗದಲ್ಲಿ ಸೂರ್ಯಾಸ್ತ ಸುಮಾರು 9.20. ಇದನ್ನು ವಿವರಣೆಯಾಗಿ ಕೊಡಲೇಬಾರದು, ಸುಳಿವು ಬೋಳಾಗುತ್ತದೆ. ಮೂರು ಕಡೆ ಬೆಳಕನ್ನು ಬಿತ್ತಿದೆ: ಎರಡನೇ ಅಧ್ಯಾಯದಲ್ಲಿ ಊಟದ ನಂತರ ಹುಲ್ಲುಹಾಸಿನ ಮೇಲೆ ಕ್ರೋಕೆ ಆಟ, ಐದರಲ್ಲಿ ಬಿಸಿಲು ಕಣ್ಣಿಗೆ ಹೊಡೆದು ಸೂಪ್ ಚೆಲ್ಲಿಕೊಳ್ಳುವ ಪಾದ್ರಿ, ಏಳರಲ್ಲಿ ಪರದೆ ಎಳೆದು ಮಲಗಲು ಹೆಣಗುವ ಮಗು.

ಕಾನೂನಿನಿಂದ ಪುಕ್ಕಟೆಯಾಗಿ ಸಿಕ್ಕ ಹಾಸ್ಯ ಬಹಳ. 1837ರ ಉಯಿಲು ಕಾಯ್ದೆಯಲ್ಲಿ ಇಬ್ಬರು ಸಾಕ್ಷಿಗಳು ಬೇಕು, ಸಾಕ್ಷಿ ಹಾಕಿದವರಿಗೆ ಆ ಉಯಿಲಿನಲ್ಲಿ ಏನು ಬರೆದಿದ್ದರೂ ಸಿಗುವುದಿಲ್ಲ. ನಮ್ಮ ಅಡುಗೆಯಾಕೆಗೆ 500 ಪೌಂಡ್ ಬರೆದಿದೆ, ಸಾಕ್ಷಿಯೂ ಅವಳೇ. ಅವಳಿಗೆ ಕಾಯ್ದೆ ಗೊತ್ತಿಲ್ಲ, ಇನ್‌ಸ್ಪೆಕ್ಟರಿಗೂ ಗೊತ್ತಿಲ್ಲ. ಇಬ್ಬರೂ ಸೇರಿ 80 ಪುಟ ಅವಳನ್ನೇ ಕೊಲೆಗಾರ್ತಿ ಮಾಡುತ್ತಾರೆ. ಮನೆಯಲ್ಲಿ ನಿಜವಾದ ಲಾರ್ಡ್ ಒಬ್ಬನಿದ್ದರೆ ಇನ್ನೂ ಒಳ್ಳೆಯದು: ಕೊಲೆಯಂಥ ಘೋರ ಅಪರಾಧ ಹೊರಿಸಿದರೆ ಅವನ ವಿಚಾರಣೆ ಸಂಸತ್ತಿನ ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ನಡೆಯಬೇಕಿತ್ತು. ಅಂಥ ಕೊನೆಯ ವಿಚಾರಣೆ ನಡೆದದ್ದು 1935ರಲ್ಲಿ, ಪದ್ಧತಿ ರದ್ದಾದದ್ದು 1948ರಲ್ಲಿ. ಹಳ್ಳಿ ಕಾನ್‌ಸ್ಟೇಬಲ್ ಲಾರ್ಡ್‌ಗೆ ಕೈಕೋಳ ಹಾಕುವ ಮೊದಲು ಲಂಡನ್ನಿನ ರೈಲಿನ ವೇಳೆ ನೋಡುವ ದೃಶ್ಯ ಇದರಿಂದ ಹುಟ್ಟಿತು.

ಕನ್ನಡ ಓದುಗರಿಗೆಂದೇ ಇಟ್ಟದ್ದು ಒಂದು. ಬೆಂಗಳೂರು ಕಂಟೋನ್ಮೆಂಟಿನಲ್ಲಿ ಹನ್ನೆರಡು ವರ್ಷ ಸೇವೆ ಮಾಡಿದೆ ಅನ್ನುವ ನಿವೃತ್ತ ಕರ್ನಲ್. ಶ್ರೀರಂಗಪಟ್ಟಣದಿಂದ 1809ರಲ್ಲಿ ದಂಡು ಬೆಂಗಳೂರಿಗೆ ಯಾಕೆ ಬಂತು, ಇಲ್ಲಿನ ಹವೆ ಎಂಥದ್ದು ಅಂತ ನಮ್ಮವರಿಗೆ ಹೇಳಬೇಕಾಗಿಲ್ಲ. ಮೂರನೇ ಅಧ್ಯಾಯದಲ್ಲಿ ಅವನಾಡುವ ಒಂದು ವಾಕ್ಯದಿಂದ ಅವನು ಬೆಂಗಳೂರನ್ನು ಕಂಡೇ ಇಲ್ಲ ಅಂತ ಕನ್ನಡಿಗರಿಗೆ ಹೊಳೆಯುತ್ತದೆ, ಪತ್ತೇದಾರನಿಗೆ 21ರಲ್ಲಿ ಕಾಗದ ಬಂದ ಮೇಲೆ ತಿಳಿಯುತ್ತದೆ. ಆ ವಾಕ್ಯವನ್ನು ಇಲ್ಲಿ ಹೇಳುವುದಿಲ್ಲ. ಪತ್ತೇದಾರನಿಗಿಂತ ಹದಿನೆಂಟು ಅಧ್ಯಾಯ ಮೊದಲೇ ಗೆದ್ದ ಖುಷಿಯನ್ನೇ ಓದುಗರ ಪತ್ರಗಳಲ್ಲಿ ಹೆಚ್ಚು ಕಂಡಿದ್ದೇನೆ. ಎಸ್ಟೇಟಿಗೆ ತನ್ನಿ ಅಂದವರಿಗೆ ನನ್ನ ಉತ್ತರವೂ ಇದೇ.

ಲೈಬ್ರರಿಯಲ್ಲಿ ಎಲ್ಲರನ್ನೂ ಕೂರಿಸಿ ಬಿಡಿಸಿ ಹೇಳುವ ಅಧ್ಯಾಯ ಮೊದಲು 24 ಪುಟವಿತ್ತು, 11ಕ್ಕೆ ಇಳಿಸಿದೆ. ಒಂದೂವರೆ ಪುಟಕ್ಕೊಮ್ಮೆ ಯಾರಾದರೂ ಅಡ್ಡ ಬರಬೇಕು: ಚಹಾ, ನಾಯಿ, ಕುರ್ಚಿ ಸಾಲದ ಜಗಳ. ತರ್ಕದ ವಾಕ್ಯದೊಳಗೆ ಮಾತ್ರ ನಗೆ ಬೆರೆಸಬಾರದು. ಪತ್ತೇದಾರ ಎಷ್ಟು ವಿಚಿತ್ರದವನಾದರೂ ಆಗಲಿ, ಅವನ ಲೆಕ್ಕ ಉಕ್ಕಿನಷ್ಟು ಗಟ್ಟಿಯಿರಬೇಕು.

ಮುದ್ರಣದಲ್ಲೊಂದು ಪ್ರಯೋಗವನ್ನೂ ಮಾಡಿದೆ. ಅಮೆರಿಕದ ಹಾರ್ಪರ್ ಪ್ರಕಾಶನ 1929ರ ಸುಮಾರಿಗೆ ಕೊನೆಯ ಭಾಗಕ್ಕೆ ಕಾಗದದ ಮುದ್ರೆ ಹಾಕಿ, ಮುದ್ರೆ ಒಡೆಯದೆ ಮರಳಿಸಿದರೆ ಹಣ ವಾಪಸ್ ಎಂದು ಮಾರಿತ್ತು. ನಾನು ಕೊನೆಯ ಎರಡು ಫಾರಂ, ಅಂದರೆ 32 ಪುಟಕ್ಕೆ ಬಟರ್ ಪೇಪರ್ ಪಟ್ಟಿ ಅಂಟಿಸಿದೆ. ಕೈಕೆಲಸ, ಪ್ರತಿಗೆ ನಾಲ್ಕು ರೂಪಾಯಿ. ಅಂಗಡಿಗಳಲ್ಲಿ ಕೆಟ್ಟಿತು: ಗಿರಾಕಿಗಳು ನಿಂತಲ್ಲೇ ಹರಿದು ನೋಡಿ ಇಟ್ಟು ಹೋಗುತ್ತಾರೆ, ಹರಿದ ಪ್ರತಿ ವಾಪಸ್ ಬರುತ್ತದೆ. ಮಳೆಗಾಲದಲ್ಲಿ ಅಂಟು ತೇವ ಹೀರಿ ಅಂಚಿನ ಪುಟವನ್ನೂ ಎಳೆಯಿತು. ಅಂಚೆಯಲ್ಲಿ ನೇರ ಹೋದ ಪ್ರತಿಗಳಲ್ಲಿ ಮಾತ್ರ ಚೆನ್ನಾಗಿ ಕೆಲಸ ಮಾಡಿತು, ಹಣ ವಾಪಸ್ ಕೇಳಿದವರು ಒಬ್ಬರೂ ಇಲ್ಲ.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳುವುದಾದರೆ: ಡೆಮಿ 1/8 ಅಳತೆ, 232 ಪುಟ, 600 ಪ್ರತಿ. ಡಿಟಿಪಿ (ಅಕ್ಷರ ಜೋಡಣೆ), ಕರಡು ತಿದ್ದುವಿಕೆ ಹತ್ತು ಸಾವಿರದ ಹತ್ತಿರ. ಮುಖಪುಟ, ಮನೆಯ ನಕ್ಷೆ ಎಂಟು ಸಾವಿರ. ಮುದ್ರಣ, ಬೈಂಡಿಂಗ್ ಪ್ರತಿಗೆ 68ರಂತೆ ನಲವತ್ತೊಂದು ಸಾವಿರ. ಪಟ್ಟಿ ಎರಡೂವರೆ ಸಾವಿರ ಸೇರಿ ಅರವತ್ತೆರಡರ ಆಸುಪಾಸು. ಐಎಸ್‌ಬಿಎನ್‌ಗೆ ನಮ್ಮಲ್ಲಿ ಶುಲ್ಕವಿಲ್ಲ. ಬೆಲೆ 290, ಮಾರಾಟಗಾರರಿಗೆ 40 ಪರ್ಸೆಂಟ್ ಬಿಟ್ಟರೆ ಕೈಗೆ 174. ಅಂಗಡಿಯನ್ನೇ ನಂಬಿದರೆ 350 ಪ್ರತಿ ದಾಟುವವರೆಗೆ ಅಸಲೂ ಬರುವುದಿಲ್ಲ. ಆದ್ದರಿಂದ ಮೊದಲ ಅಧ್ಯಾಯ, ನಕ್ಷೆ ಎರಡನ್ನೂ ವಾಟ್ಸ್ಆ್ಯಪ್‌ನಲ್ಲಿ ಹರಿಯಬಿಟ್ಟು, 250 ರೂಪಾಯಿಗೆ ಮುಂಗಡ ಬುಕಿಂಗ್ ತೆಗೆದುಕೊಂಡೆ. ಸುಮಾರು 210 ಪ್ರತಿಗೆ ದುಡ್ಡು ಬಂತು. ಅಂಚೆ ವೆಚ್ಚ ಕಳೆದರೂ ಅಚ್ಚಿನ ಮನೆಯ ಬಿಲ್ಲು ಅದರಲ್ಲೇ ತೀರಿತು. ಗ್ರಂಥಾಲಯ ಖರೀದಿಯನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಎರಡನೇ ಮುದ್ರಣ ಸಾವಿರ ಪ್ರತಿ. ಅಂಗಡಿಯ ಪ್ರತಿಗೆ ಪಟ್ಟಿ ಇಲ್ಲ, ನೇರ ತರಿಸಿಕೊಳ್ಳುವವರಿಗೆ ಮಾತ್ರ. ನಕ್ಷೆಯನ್ನು ಒಳರಕ್ಷಾಪುಟಕ್ಕೆ ತಂದು ಹಿಂದಿನ ಮೆಟ್ಟಿಲನ್ನು ದಪ್ಪ ಗೆರೆಯಲ್ಲಿ ಬರೆಸಿದ್ದೇನೆ. ಗಂಟೆಗಳ ಹಲಗೆಯ ಚಿತ್ರವನ್ನೂ ಹಾಕಿ ಅಂತ ಓದುಗರು ಕೇಳುತ್ತಿದ್ದಾರೆ. ಹಾಕುವುದಿಲ್ಲ, ಲೋಲಕ ಚಿತ್ರದಲ್ಲಿ ಕಂಡರೆ ಡೇಜಿ, ವಾಲ್ಟರರ ಜಗಳಕ್ಕೆ ಮಾಡಲು ಕೆಲಸವೇ ಉಳಿಯುವುದಿಲ್ಲ.