ಮನೆ ಪತ್ರನೇ ಬರ್ಕೊಡ್ಲಾ?

ಹುಡುಗನಿಗೆ 22 ವರ್ಷ. ಐಟಿಐ ಮುಗಿಸಿ ಅಪ್ಪನ ಕಿರಾಣಿ ಅಂಗಡಿಯಲ್ಲಿ ಕೂರುತ್ತಿದ್ದ. ಒಂದು ಸಂಜೆ ಗಿರಾಕಿಯೊಬ್ಬರು ರೇಟು ಕೇಳಿ, ‘ಅಬ್ಬಬ್ಬಾ, 48 ರೂಪಾಯಾ? ನಮ್ಮನೆ ಪತ್ರನೇ ಬರ್ಕೊಡ್ಲಾ?’ ಅಂದರು. ಇವನು ತಲೆ ಎತ್ತದೆ, ‘ಪತ್ರ ಬೇಡ, 48 ಕೊಡಿ’ ಅಂದ. ಗಿರಾಕಿ ಸಾಮಾನು ಅಲ್ಲೇ ಇಟ್ಟು ನಡೆದರು. ರಾತ್ರಿ ಅಪ್ಪ, ‘ಕೊಬ್ಬು ನಿನಗೆ’ ಅಂತ ಬೈದರು.

ಇದನ್ನು ನನಗೆ ಹೇಳಿದ್ದು ಅವನ ತಾಯಿ. ನಾನು ಕ್ಲಿನಿಕಲ್ ಸೈಕಾಲಜಿಸ್ಟ್. ಮಂಗಳವಾರ ತಾಲ್ಲೂಕು ಆಸ್ಪತ್ರೆಯೊಂದರ ಮನೋಚೈತನ್ಯ ಎಂಬ ಮಾನಸಿಕ ಆರೋಗ್ಯ ಕ್ಲಿನಿಕ್‌ಗೆ ಹೋಗುತ್ತೇನೆ. (ಗುರುತು ಸಿಗದಷ್ಟು ವಿವರ ಬದಲಿಸಿದ್ದೇನೆ. ಬರೆಯಲು ಅವನನ್ನೂ ಮನೆಯವರನ್ನೂ ಕೇಳಿಕೊಂಡಿದ್ದೇನೆ.) ಅವನಿಗೆ ಮೊದಲ ಸಲ ಸೈಕೋಸಿಸ್, ಅಂದರೆ ಇಲ್ಲದ್ದು ನಿಜವೆಂದೇ ಅನ್ನಿಸುವ ಮನೋರೋಗ, ಆಗಿತ್ತು. ಯಾರೋ ಹೆಸರು ಹಿಡಿದು ಕರೆಯುವ ದನಿ, ಪಕ್ಕದ ಮನೆಯವರು ತನ್ನ ಬಗ್ಗೆಯೇ ಮಾತಾಡುತ್ತಾರೆಂಬ ಗಟ್ಟಿ ನಂಬಿಕೆ. ಮಾತ್ರೆ ಶುರುವಾಗಿ ಎರಡು ತಿಂಗಳಿಗೆ ದನಿ ನಿಂತಿತು. ನಮ್ಮ ಫೈಲಿನಲ್ಲಿ ‘ಸುಧಾರಿಸಿದ್ದಾನೆ’ ಎಂದು ಬರೆದಾಗಿತ್ತು. ತಾಯಿ ಮಾತ್ರ ಪ್ರತಿ ಸಲ ಒಂದೇ ಮಾತು: ‘ದನಿ ಹೋಯ್ತು ಮೇಡಂ, ಆದ್ರೆ ಅವನಿಗೆ ಸೂಕ್ಷ್ಮ ತಿಳಿಯಲ್ಲ.’

ಆ ಮಾತನ್ನು ನಾನು ಎರಡು ತಿಂಗಳು ಕಿವಿಗೆ ಹಾಕಿಕೊಳ್ಳಲಿಲ್ಲ. ಮಾತ್ರೆಯ ಮಂಪರು, ಕಾಯಿಲೆಯ ನಂತರದ ಜಡತ್ವ, ಸ್ವಲ್ಪ ದಿನ ಹೋಗಲಿ ಅಂತ ಸಮಾಧಾನ ಹೇಳಿ ಕಳಿಸಿದೆ. ಪತ್ರದ ಕಥೆ ಕೇಳಿದ ಮೇಲೆಯೇ ನನಗೆ ಚುರುಕು ಮುಟ್ಟಿದ್ದು. ಪುಸ್ತಕದಲ್ಲಿ ಸೋಷಿಯಲ್ ಕಾಗ್ನಿಷನ್ ಎಂದು ನಾನು ಓದಿದ್ದನ್ನೇ ಆಕೆ ‘ಸೂಕ್ಷ್ಮ’ ಎನ್ನುತ್ತಿದ್ದರು. ಎದುರಿನವರ ಮುಖ, ದನಿಯ ಏರಿಳಿತ, ಮಾತಿನ ಹಿಂದಿನ ಇಂಗಿತ ಹಿಡಿಯುವ ಶಕ್ತಿ ಅದು. ಸೈಕೋಸಿಸ್‌ನ ಮೊದಲ ಸಲದಲ್ಲೇ ಇದು ಕುಂದಿರುವುದು ಸಾಮಾನ್ಯ, ಇನ್ನೂ ಕಾಯಿಲೆಗೆ ತಿರುಗದೆ ಅಪಾಯದ ಅಂಚಿನಲ್ಲಿರುವವರಲ್ಲೂ ಒಂದಿಷ್ಟು ಕಾಣುತ್ತದೆ. ದನಿ ನಿಲ್ಲಿಸುವ ಮಾತ್ರೆ ಇದನ್ನು ಅಷ್ಟಾಗಿ ಮುಟ್ಟುವುದಿಲ್ಲ. ಕೆಲಸ, ಸ್ನೇಹ, ಮದುವೆ ಇವುಗಳಿಗೆ ದನಿಗಿಂತ ಇದೇ ಹೆಚ್ಚು ಅಡ್ಡ ಬರುವುದನ್ನು ಮತ್ತೆ ಮತ್ತೆ ನೋಡಿದ್ದೇನೆ.

ಸರಿ, ಪರೀಕ್ಷೆ ಮಾಡೋಣ ಎಂದು ಕೂತೆ. ಓದುವಾಗ ಇಟ್ಟುಕೊಂಡಿದ್ದ ವಿದೇಶಿ ಮುಖಗಳ ಫೋಟೋ ತೋರಿಸಿದೆ. ‘ಇವರು ಫಾರಿನ್ನವರು ಮೇಡಂ, ಇವರು ನಗೋದೂ ಹಂಗೇ, ಅಳೋದೂ ಹಂಗೇ’ ಅಂದ. ನನಗೇ ನಗು ಬಂತು. ಈ ತೊಡಕಿಗಾಗಿಯೇ ಬೆಂಗಳೂರಿನ ನಿಮ್ಹಾನ್ಸ್‌ನವರು 2008ರಲ್ಲಿ ಟ್ರೆಂಡ್ಸ್ ಎಂಬ ಸಾಧನ ಪ್ರಕಟಿಸಿದ್ದರು. ಅದರಲ್ಲಿ ಭಾರತೀಯ ಕಲಾವಿದರು ಭಾವ ತೋರಿಸುವ ಫೋಟೋ, ವಿಡಿಯೋ ಎರಡೂ ಇವೆ. 2011ರಲ್ಲಿ ಅಲ್ಲಿಂದಲೇ ಸಾಕ್ರಟಿಸ್ ಬಂತು. ಇನ್ನೊಬ್ಬರ ತಲೆಯಲ್ಲಿ ಏನಿದೆ ಎಂದು ಊಹಿಸುವ ಕಥೆಗಳನ್ನು ನಮ್ಮ ಪರಿಸರಕ್ಕೆ ಒಗ್ಗಿಸಿದ ಪರೀಕ್ಷೆ ಅದು. ಆಮೇಲೆ ಅದೇ ದಾರಿಯಲ್ಲಿ ನಾನೂ ನಮ್ಮೂರಿನ ಒಂದು ಕಥೆ ಕಟ್ಟಿದೆ. ಗೃಹಪ್ರವೇಶ. ಮನೆಯಾಕೆ ಒಂದು ಗಡಿಯಾರ ಎತ್ತಿ, ‘ಇದನ್ಯಾರು ಕೊಟ್ರೋ, ಗೋಡೆಗೆ ದರಿದ್ರ’ ಅನ್ನುತ್ತಾಳೆ. ಕೊಟ್ಟ ಗೆಳತಿ ಪಕ್ಕದಲ್ಲೇ ಕೂತು ಒಬ್ಬಟ್ಟು ತಿನ್ನುತ್ತಿದ್ದಾಳೆ. ಇಲ್ಲಿ ಏನಾಯ್ತು ಎಂದು ಕೇಳಿದೆ. ಹುಡುಗ ಯೋಚಿಸಿ, ‘ಗಡಿಯಾರ ಬದಲಾಯಿಸಬೇಕು’ ಅಂದ.

ಓಪಿಡಿ ಮುಗಿದ ಮೇಲೆ ಅದೇ ಕೋಣೆಯಲ್ಲಿ ಐದಾರು ಹುಡುಗ ಹುಡುಗಿಯರ ಒಂದು ಗುಂಪು ಶುರು ಮಾಡಿದೆ. ಮೊದಲ ಕೆಲವು ವಾರ ಬರೀ ಮುಖ. ಮೊಬೈಲಿನಲ್ಲಿ ಸೀರಿಯಲ್ ಹಾಕಿ ಸೌಂಡ್ ಆಫ್. ಸೀರಿಯಲ್ಲಿನ ಅತ್ತೆಗೆ ಸಿಟ್ಟು ಬಂದರೆ ಬಸ್ ಸ್ಟ್ಯಾಂಡಿನಿಂದಲೂ ಕಾಣುತ್ತದೆ. ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಒಂದನೇ ಕ್ಲಾಸು ಇಲ್ಲ. ಹುಬ್ಬು ನೋಡು, ತುಟಿ ನೋಡು, ಯಾವ ಭಾವ, ಯಾಕೆ ಹಾಗನ್ನಿಸಿತು. ಆಮೇಲೆ ಸಂದರ್ಶನಗಳ ವಿಡಿಯೋ, ಕೊನೆಗೆ ಮನೆಯವರೇ ಒಪ್ಪಿ ತೆಗೆದುಕೊಟ್ಟ ವಿಡಿಯೋ. ಕಷ್ಟವಾದದ್ದು ಭಯ, ಬೇಸರ, ಮತ್ತು ಏನೂ ಭಾವವಿಲ್ಲದ ಮುಖ. ಅಪ್ಪ ಗಲ್ಲಾದ ಮುಂದೆ ಸುಮ್ಮನೆ ಲೆಕ್ಕ ಬರೆಯುತ್ತಿದ್ದ ವಿಡಿಯೋ ನೋಡಿ ಹುಡುಗ, ‘ಸಿಟ್ಟು ಬಂದಿದೆ’ ಅಂದ. ಆರು ತಿಂಗಳು ಆ ಮುಖದ ಮುಂದೆ ಅವನು ಹೇಗೆ ಕೂತಿದ್ದನೋ!

ಎರಡನೆಯ ಭಾಗ ಮಾತು. ಕನ್ನಡ ಇದಕ್ಕೆ ದಯೆ ತೋರಿಸುವ ಭಾಷೆಯಲ್ಲ. ಹೋಗುವವರು ‘ಬರ್ತೀನಿ’ ಅನ್ನುತ್ತಾರೆ. ಸಾಲ ಕೊಡಲು ಮನಸ್ಸಿಲ್ಲದವರು ‘ನೋಡೋಣ’ ಅನ್ನುತ್ತಾರೆ. ಹಸಿದು ಬಂದ ನೆಂಟರು ‘ಈಗ್ತಾನೆ ಆಯ್ತು’ ಅನ್ನುತ್ತಾರೆ. ಇವನ್ನೆಲ್ಲ ಯಾರೂ ನಮಗೆ ಹೇಳಿಕೊಟ್ಟಿರುವುದಿಲ್ಲ, ಹಾಗಾಗಿ ಹೇಳಿಕೊಡಲು ಕೂತಾಗ ನನಗೇ ಮಾತು ಹೊರಡಲಿಲ್ಲ. ಕೊನೆಗೆ ನಾಟಕ ಮಾಡಿಸಿದೆವು. ಎಲ್ಲ ಇಂಗಿತವನ್ನೂ ಕಲಿಸಲಾಗದು ಎಂದು ಬೇಗ ತಿಳಿಯಿತು. ಕೈಯಲ್ಲೊಂದು ಪ್ರಶ್ನೆ ಕೊಡುವುದು ವಾಸಿ. ‘ಅಣ್ಣಾ, ತಮಾಷೆಗೆ ಅಂದ್ರಾ?’ ಇಷ್ಟೇ. ಅದನ್ನು ನಗುಮುಖದಲ್ಲಿ ಕೇಳುವುದನ್ನು ಕನ್ನಡಿ ಮುಂದೆ ಹತ್ತಿಪ್ಪತ್ತು ಸಲ ಮಾಡಿಸಿದೆ.

ಗುಂಪಿನಲ್ಲಿ ಒಬ್ಬ ಪಿಯು ಹುಡುಗಿಯ ತೊಂದರೆ ಇದಕ್ಕೆ ತಿರುಗುಮುರುಗು. ಅವಳಿಗೆ ಸೈಕೋಸಿಸ್ ಆಗಿರಲಿಲ್ಲ. ನಿದ್ದೆ ಕೆಟ್ಟಿತ್ತು, ಅಂಕ ಇಳಿದಿತ್ತು, ಕ್ಲಾಸಿನ ನಗು ತನ್ನನ್ನು ನೋಡಿಯೇ ಎಂದು ಅನ್ನಿಸುತ್ತಿತ್ತು. ಆದರೆ ‘ಇರಲಿಕ್ಕಿಲ್ಲ ಮೇಡಂ, ನಂಗೇ ಹಂಗನ್ಸುತ್ತೆ’ ಎನ್ನುವಷ್ಟು ಅನುಮಾನವೂ ಉಳಿದಿತ್ತು. ಆ ಅನುಮಾನ ಇರುವ ತನಕ ನಾನು ಕಾಯಿಲೆಯ ಹೆಸರು ಹಚ್ಚುವುದಿಲ್ಲ. ಇಂಥವರಲ್ಲಿ ಹೆಚ್ಚಿನವರು ಮುಂದಿನ ಎರಡು ಮೂರು ವರ್ಷಗಳಲ್ಲಿ ಸೈಕೋಸಿಸ್‌ಗೆ ಹೋಗುವುದೇ ಇಲ್ಲ. ಮನೋವೈದ್ಯರೂ ನಾನೂ ಕೂತು ಮಾತಾಡಿ, ಸೈಕೋಸಿಸ್‌ನ ಮಾತ್ರೆ ಬೇಡ, ನಿದ್ದೆ ಸರಿಮಾಡೋಣ, ಹದಿನೈದು ದಿನಕ್ಕೊಮ್ಮೆ ನೋಡುತ್ತಿರೋಣ ಎಂದು ಗೊತ್ತುಮಾಡಿದೆವು.

ಹುಡುಗನಿಗೆ ಇಂಗಿತ ಕಾಣುವುದಿಲ್ಲ, ಇವಳಿಗೆ ಇಲ್ಲದ ಕಡೆಯೂ ಕಾಣುತ್ತದೆ. ಅವಳಿಗಾಗಿ ಒಂದು ಹಳೆಯ ಪ್ರಯೋಗವನ್ನು ಅಡುಗೆಮನೆಗೆ ತಂದೆ. ಎರಡು ಡಬ್ಬಿ. ಒಂದರಲ್ಲಿ 85 ಹುಣಸೆ ಬೀಜ, 15 ಕಡಲೆ, ಇನ್ನೊಂದರಲ್ಲಿ ಅದಲುಬದಲು. ಕಾಣದಂತೆ ಒಂದು ಡಬ್ಬಿಯಿಂದ ಒಂದೊಂದೇ ತೆಗೆದು ತೋರಿಸಿ ಮತ್ತೆ ಒಳಗೆ ಹಾಕುತ್ತಾ ಹೋಗುವುದು. ಯಾವ ಡಬ್ಬಿ ಎಂದು ಖಾತ್ರಿಯಾದಾಗ ಹೇಳಬೇಕು. ಮೊದಲ ಹುಣಸೆ ಬೀಜಕ್ಕೇ ‘ಗೊತ್ತಾಯ್ತು!’ ಅಂದಳು. ಆತುರದ ತೀರ್ಮಾನ ಸೈಕೋಸಿಸ್‌ನ ಸಂಶೋಧನೆಯಲ್ಲಿ ಬಹಳ ಸಲ ಕಂಡಿರುವ ಸಂಗತಿ. ಅಲ್ಲಿಂದ ‘ಇನ್ನೆರಡು ಬೀಜ ನೋಡು’ ಎಂಬುದು ಗುಂಪಿನ ಗಾದೆಯಾಯಿತು. ಗೆಳತಿ ವಾಟ್ಸಾಪ್ ನೋಡಿಯೂ ಉತ್ತರ ಕೊಡಲಿಲ್ಲವೇ? ಮೂರು ಕಾರಣ ಬರಿ. ಅವಳ ಮೊದಲ ಕಾರಣ ಯಾವಾಗಲೂ ‘ನನ್ನ ಮೇಲೆ ದ್ವೇಷ’. ಎರಡನೆಯದಕ್ಕೆ ಪೆನ್ನು ಕಚ್ಚುತ್ತಾ ಕೂರುತ್ತಿದ್ದಳು. ಒಂದು ದಿನ ಹುಡುಗ ಪಕ್ಕದಿಂದ, ‘ಅವಳ ಡೇಟಾ ಖಾಲಿ ಆಗಿರಬೋದು’ ಎಂದ. ಮಾತಿನ ಅಕ್ಷರಾರ್ಥ ಬಿಟ್ಟು ಬೇರೇನೂ ಕಾಣದವನು ಅವಳಿಗೆ ಒಳ್ಳೆಯ ಜೋಡಿ. ನಾನು ಯೋಜಿಸಿದ್ದಲ್ಲ ಅದು, ತಾನಾಗಿ ಆದದ್ದು.

ಮೂರು ತಿಂಗಳಿಗೆ ಫಲ ಏನು ಎಂದರೆ, ಮುಖದ ಭಾವ ಗುರುತಿಸುವುದರಲ್ಲಿ ಇಬ್ಬರೂ ಮೇಲೇರಿದರು. ಅಂಥ ತರಬೇತಿಯಲ್ಲಿ ಸುಲಭವಾಗಿ ಏರುವುದೂ ಅದೇ. ಬದುಕಿಗೆ ದಾಟುವುದು ನಿಧಾನ. ಅಂಗಡಿಯಲ್ಲಿ ‘ತಮಾಷೆಗೆ ಅಂದ್ರಾ?’ ಚೆನ್ನಾಗಿ ನಡೆಯಿತು, ಗಿರಾಕಿಗಳೂ ನಕ್ಕರು. ಅಕ್ಕನ ಮದುವೆ ಮಾತುಕತೆಯಲ್ಲಿ ಬೀಗರನ್ನು ಅದೇ ಪ್ರಶ್ನೆ ಕೇಳಿ ಮನೆಯಲ್ಲಿ ಎರಡು ದಿನ ರಾಮಾಯಣ. ಎಲ್ಲಿ ಕೇಳಬಾರದು ಎಂಬುದನ್ನು ನಾನು ಹೇಳಿಕೊಟ್ಟಿರಲೇ ಇಲ್ಲ. ಅಪ್ಪನೊಂದಿಗೆ ಒಂದು ತಾಸು ಕೂತು ಮಾತಾಡಿದ್ದು ಬಹುಶಃ ಎಲ್ಲಕ್ಕಿಂತ ಉಪಯೋಗವಾಯಿತು. ‘ಕೊಬ್ಬಲ್ಲವಾ ಹಂಗಾದ್ರೆ?’ ಎಂದು ಅವರು ಮೂರು ಸಲ ಕೇಳಿದರು. ಈಗ ಮನೆಯಲ್ಲಿ ಅವನೊಂದಿಗೆ ಸುತ್ತು ಬಳಸದೆ ಮಾತಾಡುತ್ತಾರೆ: ‘ಸಿಟ್ಟು ಬಂದಿಲ್ಲ ಕಣೋ, ಲೆಕ್ಕ ಬರೀತಿದೀನಿ.’

ಹೋದ ಮಂಗಳವಾರ ಗದ್ದಲ ಜಾಸ್ತಿ ಇತ್ತು. ಅವನ ಚೀಟಿಗೆ ಸಹಿ ಹಾಕುತ್ತಾ, ‘ಮುಂದಿನ ವಾರ ನೋಡೋಣಪ್ಪ’ ಅಂದೆ. ಬಾಗಿಲವರೆಗೆ ಹೋದವನು ತಿರುಗಿ ಬಂದ.

‘ಮೇಡಂ, ನೋಡೋಣ ಅಂದ್ರೆ ಬರಬೇಕಾ, ಬೇಡವಾ?’

ಚೀಟಿಯ ಹಿಂದೆ ತಾರೀಕು, ಟೈಮು ಬರೆದುಕೊಟ್ಟೆ.