ಮನೆಗೆ ಒತ್ತಿಕೊಂಡ ದೊಡ್ಡ ಬೇವು: ಕೊಡಲಿ ಹಚ್ಚುವ ಮುಂಚಿನ ಕೆಲಸ

ದಾವಣಗೆರೆಯ ಎರೆ ನೆಲದಲ್ಲಿ ಗೋಡೆಗೆ ಆರೇಳು ಅಡಿ ದೂರದಲ್ಲಿದ್ದ ಹಳೇ ಬೇವಿನ ಮರವನ್ನು ತೆಗೆಸಿದ್ದೇವೆ. ಕೊಯ್ಯುವುದಕ್ಕಿಂತ ಅಳೆಯುವುದು, ಬರೆಯುವುದು, ಕಾಯುವುದೇ ಹೆಚ್ಚು. ಅಲ್ಲಿ ಅವಸರ ಮಾಡಿದರೆ ಪೆಟ್ಟು ಮನೆಗೇ ಬೀಳುತ್ತದೆ.

ಮರ ನಮ್ಮ ಖಾತೆಯ ಜಾಗದಲ್ಲೇ ಇದ್ದರೂ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ಅರಣ್ಯ ಇಲಾಖೆಯ ಅನುಮತಿ ಬೇಕು. ತೆಂಗು, ನೀಲಗಿರಿ, ಸರ್ವೆ, ಸಿಲ್ವರ್ ಓಕ್‌ನಂಥ ಕೆಲವಕ್ಕೆ ಮಾತ್ರ ವಿನಾಯಿತಿ. ರಸ್ತೆ ಬದಿಯ ಮರವಾದರೆ ಪಾಲಿಕೆಗೂ ತಿಳಿಸಬೇಕು. ‘ಎಲೆ ಉದುರಿ ಕಸ ಆಗುತ್ತೆ’ ಎಂದು ಅರ್ಜಿ ಬರೆದರೆ ‘ಕೊಂಬೆ ಸವರಿಸಿ’ ಎಂಬ ಉತ್ತರ ಬರುತ್ತದೆ, ಅದು ಸರಿಯೂ ಹೌದು. ಅಪಾಯವಿದ್ದರೆ ಅದನ್ನು ತೋರಿಸಬೇಕು: ಬುಡದಲ್ಲಿ ಅಣಬೆ, ಸುತ್ತಿಗೆ ತಟ್ಟಿದರೆ ಟೊಳ್ಳು ಸದ್ದು, ಕವಲಿನಲ್ಲಿ ಸೀಳು, ವಾಲಿದ ದಿಕ್ಕಿನ ಎದುರು ಬದಿಯಲ್ಲಿ ಮಣ್ಣು ಎದ್ದಿರುವುದು. ಟೇಪು ಹಿಡಿದು ಫೋಟೊ ತೆಗೆದು, ಗೋಡೆ, ಕರೆಂಟಿನ ತಂತಿ, ರಸ್ತೆ ಎಷ್ಟು ದೂರ ಎಂಬ ಕೈನಕ್ಷೆ, ಖಾತೆ ನಕಲು, ತೆರಿಗೆ ರಸೀದಿ ಲಗತ್ತಿಸಿದೆವು. ಕಾಂಪೌಂಡ್ ಗಡಿಯ ಮರವಾದರೆ ಪಕ್ಕದ ಮನೆಯವರ ಸಹಿಯನ್ನೂ ಮೊದಲೇ ಪಡೆಯಿರಿ. ದಿಮ್ಮಿ ಸಾಗಿಸಲು ರಹದಾರಿ ಬೇಕೇ ಎಂದು ಸ್ಥಳ ಪರಿಶೀಲನೆಗೆ ಬಂದವರನ್ನೇ ಕೇಳಿಕೊಳ್ಳಿ. ಬದಲಿ ಸಸಿ ನೆಡುವ ಷರತ್ತು ಇದ್ದರೆ ಗೋಡೆಯಿಂದ ದೂರದ ಜಾಗವನ್ನು ಆಗಲೇ ಗುರುತಿಸಿ.

ಇನ್ನು ತೂಕದ ಲೆಕ್ಕ. ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಸುತ್ತಳತೆ 2.4 ಮೀಟರ್ ಇದ್ದರೆ ಅಡ್ಡಳತೆ ಸುಮಾರು 76 ಸೆಂ.ಮೀ. ಹಸಿ ಮರ ಘನ ಮೀಟರಿಗೆ ಹೆಚ್ಚುಕಡಿಮೆ ಒಂದು ಟನ್ ಎಂದು ಹಿಡಿದರೆ ಆ ಕಾಂಡದ ಒಂದಡಿ ತುಂಡೇ ಸುಮಾರು 140 ಕೆ.ಜಿ. ಮೇಲಿಂದ ಬಿಟ್ಟರೆ ಕಾಂಕ್ರೀಟ್ ಅಂಗಳ, ಅದರಡಿಯ ನೀರಿನ ಪೈಪು ಎರಡೂ ಹೋಗುತ್ತವೆ. ಪೂರಾ ಮರವನ್ನು ಒಮ್ಮೆಗೇ ಕೆಡವಲು ಅದರ ಎತ್ತರದ ಒಂದೂವರೆ ಪಟ್ಟು ಬಯಲು ಬೇಕು. ಬಡಾವಣೆಯಲ್ಲಿ ಅಷ್ಟು ಜಾಗ ಎಲ್ಲಿದೆ? ತುಂಡುತುಂಡಾಗಿಯೇ ಇಳಿಸಬೇಕು.

ಸಂಕ್ರಾಂತಿ ಕಳೆದ ಮೇಲೆ, ಬೇಸಿಗೆಯ ಗಾಳಿ ಮಳೆ ಶುರುವಾಗುವ ಮುಂಚೆ ಒಳ್ಳೆಯ ಕಾಲ. ಹಿಂದಿನ ದಿನ ಗೂಡು, ಹೆಜ್ಜೇನು ಇದೆಯೇ ನೋಡಬೇಕು. ಗೂಡಿನಲ್ಲಿ ಮೊಟ್ಟೆ, ಮರಿ ಇದ್ದರೆ ಕೆಲಸ ಮುಂದೂಡಿ. ಬೆಸ್ಕಾಂಗೆ ಬರಹದಲ್ಲಿ ಕೊಟ್ಟು ಲೈನ್ ಆಫ್ ಮಾಡಿಸಿ, ಲೈನ್‌ಮನ್ ಕಣ್ಣೆದುರು ಖಚಿತಪಡಿಸದೆ ಯಾರನ್ನೂ ಮರ ಹತ್ತಿಸಬೇಡಿ.

ಕೊಂಬೆಯನ್ನು ಮೇಲಿನಿಂದ ಒಂದೇ ಏಟಿಗೆ ಕೊಯ್ದರೆ ಅರ್ಧದಲ್ಲೇ ಮುರಿದು, ಕಾಂಡದ ತೊಗಟೆ ಉದ್ದಕ್ಕೂ ಸುಲಿದುಕೊಂಡು ಹತ್ತಿದವನ ಕಡೆಗೇ ಜೋಲುತ್ತದೆ. ಆದ್ದರಿಂದ ಬುಡದಿಂದ ಒಂದಡಿ ಆಚೆ, ಕೆಳಗಿನಿಂದ ದಪ್ಪದ ಕಾಲು ಭಾಗ ಕೊಯ್ಯಬೇಕು. ಅದಕ್ಕಿಂತ ಸ್ವಲ್ಪ ಹೊರಗೆ ಮೇಲಿನಿಂದ ಕೊಯ್ದು ಬೀಳಿಸಬೇಕು. ಉಳಿದ ಮೋಟನ್ನು ಕೊನೆಗೆ ತೆಗೆಯಬೇಕು. ಛಾವಣಿಯ ಮೇಲಿನ ಕೊಂಬೆಗಳನ್ನು ಮೊದಲೇ ಹಗ್ಗಕ್ಕೆ ಕಟ್ಟಿ, ಹಗ್ಗದ ಇನ್ನೊಂದು ತುದಿಯನ್ನು ಮರದ ಬುಡಕ್ಕೆ ಮೂರು ಸುತ್ತು ಹಾಕಿ ಹಿಡಿದರೆ ಒಬ್ಬನೇ ನಿಧಾನಕ್ಕೆ ಸಡಿಲ ಬಿಡಬಹುದು. ಬೀಳುತ್ತಾ ಬಂದ ಕೊಂಬೆ ಗಕ್ಕನೆ ನಿಂತರೆ ಎಳೆತ ಅದರ ತೂಕದ ಹಲವು ಪಟ್ಟಾಗುತ್ತದೆ. ಬಾವಿಯ ಹಳೇ ಹಗ್ಗ ತುಂಡಾಗುವುದು ಆಗಲೇ.

ಕೊನೆಗೆ ಉಳಿಯುವ ಗಿಡ್ಡ ಕಾಂಡಕ್ಕೆ, ಅದು ಬೀಳಬೇಕಾದ ಬದಿಯಲ್ಲಿ ಅಡ್ಡಳತೆಯ ನಾಲ್ಕನೇ ಒಂದು ಭಾಗದಷ್ಟು ಆಳದ ಕಚ್ಚು ಹಾಕಿ, ಹಿಂದಿನಿಂದ ಕೊಯ್ಯುವಾಗ ಹತ್ತನೇ ಒಂದು ಭಾಗ ಮರವನ್ನು ಬಾಗಿಲ ತಿರುಗಣಿಯಂತೆ ಉಳಿಸಬೇಕು. ಅದನ್ನೂ ಕೊಯ್ದುಬಿಟ್ಟರೆ ದಿಮ್ಮಿ ಎತ್ತ ತಿರುಗುತ್ತದೋ ಹೇಳಲಾಗದು. ಜೆಸಿಬಿಯಿಂದ ನೂಕಿಸುವುದಂತೂ ಬೇಡವೇ ಬೇಡ: ಬೇರಿನ ಗಡ್ಡೆಯ ಜೊತೆ ಪಾಯದ ಮಣ್ಣೂ ಏಳುತ್ತದೆ.

ಎರೆಭೂಮಿಯವರು ಮುಖ್ಯವಾಗಿ ಗಮನಿಸಬೇಕಾದದ್ದು ಆಮೇಲಿನ ವರ್ಷಗಳನ್ನು. ಮರ ಹೀರುತ್ತಿದ್ದ ನೀರು ಈಗ ಮಣ್ಣಲ್ಲೇ ಉಳಿದು, ಕುಗ್ಗಿದ್ದ ಎರೆ ಉಬ್ಬಿ ಪಾಯವನ್ನು ಎತ್ತುತ್ತದೆ. ಮನೆಗಿಂತ ಮರ ಹಳೆಯದಾಗಿದ್ದರೆ ಈ ಅಪಾಯ ಹೆಚ್ಚು. ಕಡಿಯುವ ಮುಂಚೆಯೇ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ. ಬುಡವನ್ನು ಅಗೆಯದೆ ನೆಲಮಟ್ಟಕ್ಕೆ ಕೊಯ್ದು, ಬರುವ ಚಿಗುರನ್ನು ಆಗಾಗ ಮುರಿಯುತ್ತಿದ್ದರೆ ಸಾಕು. ಉಪ್ಪು, ಆಸಿಡ್ ಸುರಿದರೆ ಪಾಯದ ಕಬ್ಬಿಣಕ್ಕೆ ಕುತ್ತು. ಛಾವಣಿಯ ನೀರು ಆ ಜಾಗಕ್ಕೆ ಇಳಿಯದಂತೆ ಪೈಪು ತಿರುಗಿಸಿ. ಗೋಡೆಯ ಬಿರುಕಿಗೆ ಅಡ್ಡ ಪೆನ್ಸಿಲ್ ಗೆರೆ ಎಳೆದು ಪಕ್ಕದಲ್ಲಿ ತಾರೀಖು, ಅಗಲ ಬರೆದಿಡಿ; ಎರಡು ಮಳೆಗಾಲ ಅಗಲ ಬದಲಾಗದಿದ್ದರೆ ಆಮೇಲೆ ಗಾರೆ ತುಂಬಿಸಿ.