ಮ್ಯಾಕ್ಸ್ ಡೆಕ್ಯುಜಿಸ್ ಗೆದ್ದದ್ದೆಷ್ಟು? ಹಳೇ ಡಬಲ್ಸ್ ದಾಖಲೆ ಪಟ್ಟಿ ಮಾಡಿದ ಬಗೆ

ಫ್ರಾನ್ಸಿನ ಟೆನಿಸ್ ಆಟಗಾರ ಮ್ಯಾಕ್ಸ್ ಡೆಕ್ಯುಜಿಸ್ (1882–1978) ಗೆದ್ದ ಪ್ರಶಸ್ತಿಗಳನ್ನು ಲೆಕ್ಕ ಹಾಕಲು ಕೂತಾಗ ನಾನು ಮೊದಲು ಬದಿಗಿಟ್ಟದ್ದು ‘ಫ್ರೆಂಚ್ ಓಪನ್’ ಎಂಬ ಹೆಸರನ್ನು. ಅವರು ಆಡಿದ್ದು ಫ್ರೆಂಚ್ ಚಾಂಪಿಯನ್‌ಶಿಪ್. 1924ರವರೆಗೂ ಅದು ಫ್ರಾನ್ಸಿನ ಕ್ಲಬ್ಬುಗಳ ಸದಸ್ಯರಿಗೆ ಮಾತ್ರ ಮೀಸಲಾಗಿತ್ತು. ಹೊರದೇಶದವರಿಗೆ ಬಾಗಿಲು ತೆರೆದದ್ದು 1925ರಲ್ಲಿ. ಅಲ್ಲಿ ಅವರ ಗಳಿಕೆ ಸಿಂಗಲ್ಸ್ 8, ಡಬಲ್ಸ್ 14, ಮಿಕ್ಸೆಡ್ 7. ಡಬಲ್ಸ್ ಅಂತೂ 1902ರಿಂದ 1914ರವರೆಗೆ ಒಂದು ವರ್ಷವೂ ತಪ್ಪಿಲ್ಲ. ಯುದ್ಧ ಮುಗಿದ ಮೇಲೆ 1920ರಲ್ಲಿ ಮತ್ತೊಂದು. 2012ರಲ್ಲಿ ನಡಾಲ್ ಫ್ರೆಂಚ್ ಓಪನ್ ಸಿಂಗಲ್ಸ್ 7ನೇ ಸಲ ಗೆದ್ದಾಗ ಬೋರ್ಗ್ ಅವರ 6ರ ದಾಖಲೆ ಮುರಿಯಿತು ಎಂದರಲ್ಲ, ಡೆಕ್ಯುಜಿಸ್ ಅವರ ಈ 8 ಸಿಂಗಲ್ಸ್ ಆ ಲೆಕ್ಕದಲ್ಲಿ ಇರಲಿಲ್ಲ. ಈ ಗೆಲುವುಗಳನ್ನು ಕೈಬಿಡುವುದೂ ಸರಿಯಲ್ಲ, ಇಂದಿನ ಗ್ರ್ಯಾಂಡ್ ಸ್ಲಾಮ್ ಜೊತೆ ಕೂಡಿಸುವುದೂ ಸರಿಯಲ್ಲ. ಹಾಗಾಗಿ ವರ್ಷ, ಊರು, ಜೊತೆಗಾರ, ಎದುರಾಳಿ, ಸ್ಕೋರು ಎಂಬ ಕಾಲಂಗಳ ಜೊತೆಗೆ ‘ಯಾರಿಗೆಲ್ಲ ಪ್ರವೇಶ’ ಎಂಬುದಕ್ಕೂ ಒಂದು ಕಾಲಂ ಇಟ್ಟೆ. ಇಡೀ ಪಟ್ಟಿ ನಿಂತಿರುವುದು ಅದರ ಮೇಲೆ.

1911ರ ವಿಂಬಲ್ಡನ್ ಡಬಲ್ಸ್ ಸಾಲಿಗೆ ಹೆಚ್ಚು ಹೊತ್ತು ಹಿಡಿಯಿತು. ಆಗಿನ ಪದ್ಧತಿಯಲ್ಲಿ ಹಿಂದಿನ ವರ್ಷದ ಚಾಂಪಿಯನ್ನರು ಸುಮ್ಮನೆ ಕಾಯುತ್ತಿದ್ದರು. ಉಳಿದವರೆಲ್ಲ ಆಡಿ, ಅವರಲ್ಲಿ ಗೆದ್ದ ಜೋಡಿ ಬಂದು ಚಾಂಪಿಯನ್ನರಿಗೆ ಸವಾಲು ಹಾಕಬೇಕು. ಇದು ನಿಂತದ್ದು 1922ರಲ್ಲಿ. ಅಂದರೆ ಒಂದೇ ವರ್ಷಕ್ಕೆ ಎರಡು ‘ಫೈನಲ್’ ಸಿಗುತ್ತವೆ; ಮೊದಲನೆಯದನ್ನು ಬರೆದುಕೊಂಡರೆ ಎದುರಾಳಿ, ಸ್ಕೋರು ಎರಡೂ ತಪ್ಪು. ಡೆಕ್ಯುಜಿಸ್ ಮತ್ತು ಆಂದ್ರೆ ಗೋಬೇರ್ ಸವಾಲಿನ ಪಂದ್ಯದಲ್ಲಿ ರಿಚಿ–ವೈಲ್ಡಿಂಗ್ ಜೋಡಿಯನ್ನು ಸೋಲಿಸಿದ್ದು 9–7, 5–7, 6–3, 2–6, 6–2ರಿಂದ. ವಿಂಬಲ್ಡನ್ ಪ್ರಶಸ್ತಿ ಗೆದ್ದ ಮೊದಲ ಫ್ರೆಂಚರು ಇವರೇ.

ಇಂಥ ಸ್ಕೋರನ್ನು ಎರಡು ರೀತಿ ತಾಳೆ ನೋಡುತ್ತೇನೆ. ಮೊದಲು ಸೆಟ್ ಎಣಿಕೆ: ಗೆದ್ದವರಿಗೆ 3 ಬರಬೇಕು. ಸೋತವರ ಹೆಸರು ಮೊದಲು ಅಚ್ಚಾಗಿದ್ದರೆ ಅಂಕಿಗಳು ತಿರುಗುಮುರುಗಾಗಿ ಇಲ್ಲೇ ಸಿಕ್ಕಿಬೀಳುತ್ತವೆ. ಆಮೇಲೆ ಗೇಮ್‌ಗಳ ಮೊತ್ತ: ಇಲ್ಲಿ 28–25. ಬೇರೆ ಕಡೆ ಮೊತ್ತ ಬೇರೆ ಬಂದರೆ ಯಾವುದೋ ಅಂಕಿ ಮಸುಕಾಗಿದೆ ಎಂದರ್ಥ. ಹಳೇ ಅಚ್ಚಿನಲ್ಲಿ 3 ಮತ್ತು 8 ಒಂದೇ ಥರ ಕಾಣುವುದುಂಟು. 9–7 ಕಂಡು ತಿದ್ದಲು ಹೋಗಬೇಡಿ, 6–6 ಆದಾಗ ಸೆಟ್ ಮುಗಿಸುವ ಟೈಬ್ರೇಕ್ ಆಗ ಇರಲಿಲ್ಲ.

ಜೊತೆಗಾರರ ಹೆಸರಲ್ಲೂ ಎಡವುತ್ತೇವೆ. ಗೋಬೇರ್, ಮೋರಿಸ್ ಜೆರ್ಮೋ ಇಬ್ಬರೂ ಡೆಕ್ಯುಜಿಸ್ ಜೊತೆ ಆಡಿದವರು, ರೋಮನ್ ಲಿಪಿಯಲ್ಲಿ ಇಬ್ಬರ ಮೊದಲಕ್ಷರವೂ ಒಂದೇ, G. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನ ಒಳಾಂಗಣ ಡಬಲ್ಸ್ ಚಿನ್ನ ಈ ಇಬ್ಬರದು, ಅದರಲ್ಲಿ ಡೆಕ್ಯುಜಿಸ್ ಇಲ್ಲ. ಪುಣ್ಯಕ್ಕೆ ಕನ್ನಡದಲ್ಲಿ ‘ಗೋ’, ‘ಜೆ’ ಎಂದು ಬರೆದೊಡನೆ ಗೊಂದಲ ಕಳೆಯುತ್ತದೆ.

ಒಲಿಂಪಿಕ್ಸ್‌ಗೆ ಪ್ರತ್ಯೇಕ ಹಾಳೆಯನ್ನೇ ಮಾಡಿದೆ. 1900ರ ಪ್ಯಾರಿಸ್ ಡಬಲ್ಸ್ ಬೆಳ್ಳಿ ಅಮೆರಿಕದ ಡಿ ಗಾರ್ಮೆಂಡಿಯಾ ಜೊತೆ ಬಂದದ್ದು, ಹಾಗಾಗಿ ದೇಶದ ಕಾಲಂನಲ್ಲಿ ‘ಮಿಶ್ರ ತಂಡ’. 1906ರ ಅಥೆನ್ಸ್‌ನ ಮೂರು ಚಿನ್ನಗಳು ಸಿಂಗಲ್ಸ್, ಜೆರ್ಮೋ ಜೊತೆ ಡಬಲ್ಸ್, ಹೆಂಡತಿ ಮಾರಿ ಜೊತೆ ಮಿಕ್ಸೆಡ್. ಆ ಕೂಟಕ್ಕೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ (ಐಒಸಿ) ಮಾನ್ಯತೆ ಇಲ್ಲ; ಅಳಿಸದೆ, ಮೊತ್ತಕ್ಕೂ ಸೇರಿಸದೆ ಬೇರೆ ಬಣ್ಣದಲ್ಲಿಟ್ಟಿದ್ದೇನೆ. ‘ಡೆಕ್ಯುಜಿಸ್–ಡೆಕ್ಯುಜಿಸ್’ ಎಂಬ ಸಾಲು ಅಚ್ಚಿನ ದೋಷವಲ್ಲ, ಗಂಡ–ಹೆಂಡತಿ. 1920ರ ಆಂಟ್ವರ್ಪ್‌ನಲ್ಲಿ ಖ್ಯಾತ ಆಟಗಾರ್ತಿ ಸುಸಾನ್ ಲೆಂಗ್ಲೆನ್ ಜೊತೆ ಮಿಕ್ಸೆಡ್ ಚಿನ್ನ. ಅದರ ಕೆಳಗೆ ಇನ್ನೊಂದು ಸಾಲಿದೆ, ಲೆಂಗ್ಲೆನ್ ಹೆಸರಿನ ಬೆಳಕಲ್ಲಿ ಕಣ್ಣು ತಪ್ಪುವಂಥದ್ದು: ಪಿಯೇರ್ ಆಲ್ಬರಾನ್ ಜೊತೆ ಪುರುಷರ ಡಬಲ್ಸ್ ಕಂಚು.